ಕೊಯ್ಲು, ಕೂಟ, ಶ್ರುತಿ: ಕೊಪ್ಪದ ಕಡೆಯ ಒಂದು ಮನೆಯ ಪ್ರಕರಣ

ಕೊಪ್ಪ ತಾಲ್ಲೂಕಿನ ಒಂದು ಒಂಟಿಮನೆ. ಗುಡ್ಡದ ಓರೆಯಲ್ಲಿ ಐದು ಎಕರೆ ರೊಬಸ್ಟಾ ಕಾಫಿ, ಅದರ ನೆರಳಿನ ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ಕೆಳಗೆ ಹಳ್ಳದ ಬದಿಗೆ ಎರಡು ಎಕರೆ ಅಡಿಕೆ. ಯಜಮಾನರಿಗೆ ನಲವತ್ತೈದು ದಾಟಿದೆ. ಹೆಂಡತಿ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾರೆ; ಊರಿಗೆಲ್ಲ ಅವರು ಟೀಚರು. ಮಗಳು ಈಗಷ್ಟೇ ಎಸ್‌ಎಸ್‌ಎಲ್‌ಸಿ ಬರೆದು ಮುಗಿಸಿದ್ದಾಳೆ. ಯಜಮಾನರ ತಾಯಿಗೆ ಎಪ್ಪತ್ತಾರು ವರ್ಷ, ಮಂಡಿನೋವು. ಕೊಟ್ಟಿಗೆಯಲ್ಲಿ ಕರೆಯುವ ಹಸು ಒಂದು. ಹೆಸರು, ಊರು ಬರೆಯುವುದಿಲ್ಲ ಎಂಬ ಮಾತಿನ ಮೇಲೆ ಅವರು ಇಷ್ಟೆಲ್ಲ ಹೇಳಿಕೊಂಡರು. ಬರೆದದ್ದನ್ನು ಓದಿ ಒಪ್ಪಿದ್ದಾರೆ.

ಸಣ್ಣ ಬೆಳೆಗಾರರ ತೋಟದ ಜಮಾ-ಖರ್ಚು ಬರೆದುಕೊಡುವುದು ನನ್ನ ಕೆಲಸ. ಈ ಮನೆಯ ಲೆಕ್ಕವನ್ನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. ದುಡ್ಡಿನ ಲೆಕ್ಕ ಯಾವತ್ತೂ ಸರಿಯಾಗಿಯೇ ಇತ್ತು. ಹೊತ್ತಿನ ಲೆಕ್ಕ ಕೆಟ್ಟಿತ್ತು. ಅದೂ ತೋಟಕ್ಕೆ ಹಿಂದೆಂದೂ ಇಲ್ಲದ ಒಳ್ಳೆಯ ದರ ಬಂದ ವರ್ಷಗಳಲ್ಲೇ ಕೆಟ್ಟಿತು. ಕೆಲಸ, ಸಂಸಾರ, ಹವ್ಯಾಸ ಮೂರನ್ನೂ ತೂಗಿಸಿಕೊಂಡು ಹೋಗುವ ಬಗ್ಗೆ ಓದಲು ಸಿಗುವುದೆಲ್ಲ ಹೆಚ್ಚಾಗಿ ಕಚೇರಿಗೆ ಹೋಗಿ ಬರುವವರಿಗೆ ಬರೆದದ್ದು. ಅಂಗಳವೇ ಕಚೇರಿಯಾಗಿರುವ ಮನೆಗೆ ಅದು ಹೊಂದುವುದಿಲ್ಲ. ಆದ್ದರಿಂದ ಈ ಮನೆಯಲ್ಲಿ ನಡೆದದ್ದನ್ನು ಬಿಡಿಸಿ ಬರೆಯಬೇಕು ಅನ್ನಿಸಿತು.

ಯಜಮಾನರು ಬಿಟ್ಟದ್ದು

ಯಜಮಾನರು ತಾಳಮದ್ದಳೆಯ ಅರ್ಥಧಾರಿ. ವೃತ್ತಿಯವರಲ್ಲ, ಹವ್ಯಾಸಿ. ಆದರೂ ಶೃಂಗೇರಿ, ಕೊಪ್ಪ, ಬಾಳೆಹೊನ್ನೂರಿನ ಸುತ್ತ ಕೂಟ ಇಟ್ಟುಕೊಂಡವರು ಇವರಿಗೊಂದು ಫೋನು ಮಾಡದೆ ಇರುತ್ತಿರಲಿಲ್ಲ. ತಾಳಮದ್ದಳೆ ನೋಡದವರಿಗಾಗಿ ಎರಡು ಮಾತು: ಯಕ್ಷಗಾನದ ಪದ್ಯ, ಚೆಂಡೆ, ಮದ್ದಳೆ ಎಲ್ಲ ಇಲ್ಲಿ ಉಂಟು; ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳಿ ನಿಲ್ಲಿಸುತ್ತಾರೆ. ಪಂಚೆ, ಶಲ್ಯದಲ್ಲಿ ಕೂತ ಅರ್ಥಧಾರಿ ಆ ಪದ್ಯದ ಎಳೆ ಹಿಡಿದು ಪಾತ್ರವೇ ಆಗಿ ಮಾತಾಡುತ್ತಾನೆ. ಬರೆದಿಟ್ಟ ಸಂಭಾಷಣೆ ಇಲ್ಲ. ಎದುರಿನವನು ಎಸೆದ ಪ್ರಶ್ನೆಗೆ ಅಲ್ಲೇ, ಆಗಲೇ ಉತ್ತರ ಕಟ್ಟಬೇಕು. ಸಂಧಾನಕ್ಕೆ ಬಂದ ಕೃಷ್ಣನ ಎದುರು ಇವರು ಹೇಳುವ ಕೌರವನನ್ನು ನಾನು ಕೇಳಿದ್ದೇನೆ. ದನಿ ಏರಿಸುವುದಿಲ್ಲ, ಒರಟಾಗುವುದಿಲ್ಲ. ಹಸ್ತಿನಾವತಿಯ ಸಿಂಹಾಸನದ ಹಕ್ಕು ಎಲ್ಲಿಂದ ಎಲ್ಲಿಗೆ ಬಂತು ಎಂದು ಒಂದೊಂದೇ ಮೆಟ್ಟಿಲು ಇಳಿಸಿ ತೋರಿಸುತ್ತಾರೆ. ಕೃಷ್ಣನ ಅರ್ಥ ಹೇಳುವವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಸಭೆಯೂ ಸುಮ್ಮನಾಗುತ್ತದೆ.

2023ರ ಮಳೆಗಾಲದ ನಂತರ ಅವರು ಅರ್ಥ ಹೇಳುವುದನ್ನು ನಿಲ್ಲಿಸಿದರು. ಕರೆಯಲು ಬಂದವರಿಗೆ ಹೇಳಿದ್ದು ಒಂದೇ ಮಾತು: "ಸಂಸಾರಕ್ಕೆ ಹೊತ್ತು ಕೊಡಬೇಕು ಮಾರಾಯ್ರೆ, ಇನ್ನು ಸಾಕು." ಕೇಳಿದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಹೇಳಿದವರೂ ಸುಳ್ಳು ಹೇಳಲಿಲ್ಲ. ಆ ಹೊತ್ತಿಗೆ ರೊಬಸ್ಟಾ ದರ ಏರುತ್ತಿತ್ತು. ಅದಕ್ಕೆ ಕೆಲವೇ ವರ್ಷ ಮೊದಲು 50 ಕೆ.ಜಿ. ಚೆರ್ರಿ (ಒಣಗಿಸಿದ ಹಣ್ಣು) ಚೀಲಕ್ಕೆ ನಾಲ್ಕು ಸಾವಿರ ಸಿಕ್ಕರೆ ಪುಣ್ಯ ಅನ್ನುತ್ತಿದ್ದವರು, 2024ರ ಬೇಸಗೆಯಲ್ಲಿ ಹತ್ತು ಸಾವಿರ ನೋಡಿದರು. ಗಾಳಿ ಬಂದಾಗ ತೂರಿಕೋ ಎಂಬ ಮಾತು ಆ ವರ್ಷ ನಮ್ಮ ಎಲ್ಲ ಬೆಳೆಗಾರರ ಬಾಯಲ್ಲೂ ಇತ್ತು. ಇವರು ಎರಡನೇ ಬೋರ್‌ವೆಲ್ ಹಾಕಿಸಿದರು, ಸ್ಪ್ರಿಂಕ್ಲರ್ ಪೈಪು ಹೆಚ್ಚಿಸಿದರು, ಖಾಲಿ ಬಿದ್ದಿದ್ದ ಮೂಲೆಗೆಲ್ಲ ಗಿಡ ಕೂರಿಸಿದರು. ಇಳುವರಿ ಏರಿತು. ನನ್ನ ಪುಸ್ತಕದಲ್ಲಿ ಆ ಮನೆಯ ಜಮಾ ಬದಿ ಅಷ್ಟು ತುಂಬಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಮನೆಗೆ ಮಾತ್ರ ಅವರು ಸಿಗಲಿಲ್ಲ.

2025ರ ಫೆಬ್ರವರಿಯಲ್ಲಿ ಮಾತು ಒಡೆಯಿತು. ಹೂವಿಗೆ ನೀರು ಕೊಡುವ ಕಾಲ ಅದು. ರೊಬಸ್ಟಾ ಕೊಯ್ಲು ಮುಗಿಯುತ್ತಲೇ ಹೂಮಳೆ ಕಾಯದೆ ಸ್ಪ್ರಿಂಕ್ಲರ್ ಹಾಕುತ್ತಾರೆ. ತ್ರೀಫೇಸ್ ಕರೆಂಟು ಬರುವುದು ಹೆಚ್ಚಾಗಿ ರಾತ್ರಿ. ಗಂಟೆಗಟ್ಟಲೆ ಒಂದು ಕಡೆ ತಿರುಗಿದ, ನೀರು ಚಿಮ್ಮಿಸುವ ಜೆಟ್ಟನ್ನು ಕತ್ತಲಲ್ಲಿ ಬಿಚ್ಚಿ ಮುಂದಿನ ಜಾಗಕ್ಕೆ ಹೊತ್ತೊಯ್ದು ಕೂರಿಸಬೇಕು. ಆ ರಾತ್ರಿ ಮಗಳಿಗೆ ಜ್ವರ. ಟೀಚರಿಗೆ ಬೆಳಗ್ಗೆ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ. ಒಂದು ಗಂಟೆಗೆ ಒದ್ದೆಯಾಗಿ ಒಳಗೆ ಬಂದ ಗಂಡನಿಗೆ ಆಕೆ ಕೇಳಿದ್ದು ಹೀಗೆ:

"ಅರ್ಥ ಹೇಳೋದು ನಮಗೋಸ್ಕರ ಬಿಟ್ಟೆ ಅಂತ ಊರಿಗೆಲ್ಲ ಹೇಳಿದ್ರಲ. ನಮಗೆ ಸಿಕ್ಕಿದ್ದು ಎಂತದು?"

ಈ ಪ್ರಶ್ನೆಗೆ ಅವರ ಬಳಿ ಉತ್ತರ ಇರಲಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ಜೀವ ಇರುವುದು ಅಲ್ಲೇ. ಹವ್ಯಾಸ ಬಿಟ್ಟರೆ ಆ ಹೊತ್ತು ತಾನಾಗಿ ಮನೆಗೆ ಬಂದು ಸೇರುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಬರುವುದಿಲ್ಲ. ಒಡ್ಡಿಲ್ಲದ ಗದ್ದೆಯ ನೀರು ಎಲ್ಲಿ ತಗ್ಗಿದೆಯೋ ಅಲ್ಲಿಗೆ ಹರಿಯುತ್ತದೆ. ಆ ಮನೆಯಲ್ಲಿ ಆಗ ತಗ್ಗಿದ್ದದ್ದು ತೋಟ. ಕೂಟಕ್ಕೆ ಹೋಗುತ್ತಿದ್ದ ಸಂಜೆಗಳನ್ನೆಲ್ಲ ತೋಟ ತೆಗೆದುಕೊಂಡಿತು. ಜೊತೆಗೆ ಮೊದಲು ಮನೆಗೆ ಇದ್ದ ಸಂಜೆಗಳಲ್ಲೂ ಒಂದಷ್ಟು ತೆಗೆದುಕೊಂಡಿತು.

ಹಾಜರಿ ಪುಸ್ತಕ ಹೇಳಿದ್ದು

ಮೊದಲು ಅವರು ಹಿಡಿದ ದಾರಿ ವೇಳಾಪಟ್ಟಿಯದ್ದು. ಟೀಚರ ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ; ಅವನೇ ಒಂದು ಪಟ್ಟಿ ಮಾಡಿ ಕಳಿಸಿದ. ಐದೂವರೆಗೆ ಏಳುವುದು, ಆರರಿಂದ ಒಂಬತ್ತು ತೋಟ, ಸಂಜೆ ಆರರ ಮೇಲೆ ಮನೆ, ಎಂಟರ ಮೇಲೆ ಮೊಬೈಲ್ ಬಂದ್. ಪ್ರೀತಿಯಿಂದ ಮಾಡಿದ ಪಟ್ಟಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಒಂದು ವಾರವೂ ನಡೆಯಲಿಲ್ಲ. ಕರೆಂಟು ಪಟ್ಟಿ ನೋಡಿಕೊಂಡು ಬರುವುದಿಲ್ಲ. ಮೆಣಸು ಕೊಯ್ಯುವವರು ಏಣಿ ಹೊತ್ತು ಬಂದ ದಿನ ಅವರ ಜೊತೆ ನಿಲ್ಲಲೇಬೇಕು. ಅಡಿಕೆಗೆ, ಮರ ಹತ್ತಿ ಗೊನೆ ಇಳಿಸುವ ಕೊನೆಗಾರ ಬರುವುದು ಅವನಿಗೆ ಪುರುಸೊತ್ತಾದಾಗ. ಅವನು ಬಂದನೆಂದರೆ ಮದುವೆಮನೆಗೆ ಹೊರಟವರೂ ಅಂಗಿ ಕಳಚಿ ತೋಟಕ್ಕಿಳಿಯುತ್ತಾರೆ. ದಿನವನ್ನು ಗಂಟೆಗಳಾಗಿ ಕತ್ತರಿಸುವುದು ದಿನ ನಮ್ಮ ಕೈಯಲ್ಲಿದ್ದಾಗ ಮಾತ್ರ ಆಗುವ ಕೆಲಸ.

ಹಾಗಾದರೆ ನಮ್ಮ ಕೈಯಲ್ಲಿ ಇರುವುದೇನು ಎಂದು ನೋಡಲು ನಾವು ಆಳುಗಳ ಹಾಜರಿ ಪುಸ್ತಕ ತೆಗೆದೆವು. ನಿಜವಾದ ಕೆಲಸ ಯಾವ ತಿಂಗಳು ಎಷ್ಟಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಮಾಡಿದ ಮನುಷ್ಯನ ನೆನಪು ಪ್ರತಿ ದಿನವೂ ಭಾರವಾಗಿತ್ತು ಎನ್ನುತ್ತದೆ; ಹಾಜರಿ ಪುಸ್ತಕಕ್ಕೆ ಆ ದಾಕ್ಷಿಣ್ಯ ಇಲ್ಲ.

ಅಕ್ಟೋಬರ್ ಕೊನೆಯಿಂದ ಅಡಿಕೆ ಕೊಯ್ಲು. ಕೊಯ್ದದ್ದನ್ನು ಸುಲಿದು, ಬೇಯಿಸಿ, ಒಣಗಿಸುವಷ್ಟರಲ್ಲಿ ಹೊಸವರ್ಷ. ಜನವರಿಯಿಂದ ರೊಬಸ್ಟಾ ಹಣ್ಣು. ಕಣದಲ್ಲಿ ಹರವಿದ ಹಣ್ಣು ಬಿಸಿಲಿಗೆ ಎರಡು ವಾರದ ತನಕ ಬೇಕು, ಒಂದು ಹಿಡಿ ಎತ್ತಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನಬೇಕು. ನಡುವೆ ಮೋಡ ಕವಿದರೆ ರಾತ್ರಿ ಎದ್ದು ಟಾರ್ಪಾಲು ಹಾಕಬೇಕು. 2021ರ ಜನವರಿಯಲ್ಲಿ ಅಕಾಲ ಮಳೆ ಬಂದು ಕಣದಲ್ಲಿದ್ದ ಹಣ್ಣೆಲ್ಲ ತೊಯ್ದದ್ದನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಮೆಣಸು ಮತ್ತು ಸ್ಪ್ರಿಂಕ್ಲರ್. ಹೂವಾದ ಮೇಲೆ ಕಾಯಿ ಕಚ್ಚಲು ಇನ್ನೊಮ್ಮೆ ಕೊಡುವ ಬ್ಯಾಕಿಂಗ್ ನೀರು. ಏಪ್ರಿಲ್, ಮೇನಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಸವರುವುದು), ಗೊಬ್ಬರ. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವುದು, ಮತ್ತೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ. ಪುಸ್ತಕದ ಆ ಪುಟಗಳೆಲ್ಲ ಹೆಸರುಗಳಿಂದ ತುಂಬಿದ್ದವು.

ಜೂನ್ ನಡುವಿನಿಂದ ಪುಟಗಳು ತೆಳುವಾದವು. ಎರಡನೇ ಔಷಧಿ, ಚಿಗುರು ತೆಗೆಯುವುದು, ಮಿಷನ್ನಿನಲ್ಲಿ ಕಳೆ ಹೊಡೆಯುವುದು ಬಿಟ್ಟರೆ ಸೆಪ್ಟೆಂಬರ್ ತನಕ ಆಳು ಕಡಿಮೆ. ಕೆಲಸವೇ ಇಲ್ಲ ಎಂದಲ್ಲ. ಆದರೆ ಯಜಮಾನರು ಜನವರಿಯಲ್ಲಿ ಎಷ್ಟು ಹೊತ್ತು ಮನೆಗೆ ಸಿಗುತ್ತಿರಲಿಲ್ಲವೋ ಜುಲೈನಲ್ಲೂ ಅಷ್ಟೇ ಸಿಗುತ್ತಿರಲಿಲ್ಲ. ಹಾಗಾದರೆ ಜುಲೈನಲ್ಲಿ ಅವರು ಎಲ್ಲಿದ್ದರು?

ಇದಕ್ಕೆ ಉತ್ತರ ಕೊಟ್ಟದ್ದು ಮಗಳು. "ಅಪ್ಪ ಲಂಡನ್‌ನಲ್ಲಿ ಇರ್ತಾರೆ" ಎಂದಳು.

ಅವಳು ಹೇಳಿದ್ದು ಅಕ್ಷರಶಃ ನಿಜ. ಅರೇಬಿಕಾದ ಜಾಗತಿಕ ದರ ನ್ಯೂಯಾರ್ಕಿನಲ್ಲಿ ನಿಂತರೆ ರೊಬಸ್ಟಾದ್ದು ಲಂಡನ್‌ನಲ್ಲಿ ನಿಲ್ಲುತ್ತದೆ. ನಮ್ಮ ಏಜೆಂಟರು ಮರುದಿನ ಹೇಳುವ ದರ ಅದನ್ನೇ ಹಿಡಿದುಕೊಂಡು ಬರುತ್ತದೆ. ಲಂಡನ್ ಮಾರುಕಟ್ಟೆ ತೆರೆಯುವುದು ನಮ್ಮ ಮಧ್ಯಾಹ್ನ, ಮುಚ್ಚುವುದು ರಾತ್ರಿ. ಅಂದರೆ ಮಕ್ಕಳು ಶಾಲೆಯಿಂದ ಬಂದು, ಕಾಫಿ ಕುಡಿದು, ಓದಿ, ಉಂಡು ಮಲಗುವ ಹೊತ್ತಿನಷ್ಟೂ ಅದು ತೆರೆದೇ ಇರುತ್ತದೆ. ಇವರ ಗೋದಾಮಿನಲ್ಲಿ ಮಾರದೆ ಇಟ್ಟ ಚೆರ್ರಿ. ಇಂದು ಮಾರಲೋ ನಾಳೆ ಮಾರಲೋ ಎಂಬ ಯೋಚನೆ. ನಾಲ್ಕು ವಾಟ್ಸಾಪ್ ಗುಂಪುಗಳಲ್ಲಿ ಓಟಿ (ಔಟ್‌ಟರ್ನ್, ಅಂದರೆ ಚೆರ್ರಿಯಿಂದ ಸಿಗುವ ಬೀಜದ ಪ್ರಮಾಣ) ಎಷ್ಟು, ಬ್ರೆಜಿಲ್‌ನಲ್ಲಿ ಮಳೆ ಹೇಗೆ, ವಿಯೆಟ್ನಾಂನಲ್ಲಿ ಬೆಳೆ ಎಷ್ಟು ಎಂಬ ಚರ್ಚೆ. ತಟ್ಟೆಯ ಪಕ್ಕದಲ್ಲಿ ಲೋಟಕ್ಕೆ ಒರಗಿಸಿಟ್ಟ ಫೋನು. ಅವರಿಗೆ ಅದು ಕೆಲಸ ಅನ್ನಿಸಿತ್ತು. ಮೈ ದಣಿಯುತ್ತಿತ್ತು ಕೂಡ. ಹಾಜರಿ ಪುಸ್ತಕದಲ್ಲಿ ಮಾತ್ರ ಅದಕ್ಕೆ ಕಾಲಂ ಇಲ್ಲ.

ಈ ಪ್ರಕರಣದಲ್ಲಿ ಅತಿ ಹೆಚ್ಚು ಹೊತ್ತು ಮನೆಗೆ ಮರಳಿ ಬಂದದ್ದು ಇಲ್ಲಿಂದ. ಹಾಗಾಗಿ ಅವರು ಮಾಡಿದ್ದನ್ನು ವಿವರವಾಗಿ ಹೇಳುತ್ತೇನೆ. ಕಾಫಿಯನ್ನು ಮೂರು ಪಾಲು ಮಾಡಿದರು. ಒಂದು ಪಾಲು ಕೊಯ್ಲು ಮುಗಿದು ಕಣ ಖಾಲಿಯಾದ ಕೂಡಲೇ. ಆಳಿನ ಬಾಕಿ, ಬೆಳೆಸಾಲ ಅದರಲ್ಲಿ ತೀರುತ್ತದೆ. ಎರಡನೆಯದು ಮೇ ಕೊನೆಗೆ, ಗೊಬ್ಬರ ಮತ್ತು ಶಾಲೆ-ಕಾಲೇಜಿನ ಖರ್ಚಿಗೆ. ಮೂರನೆಯದು ಗಣಪತಿ ಹಬ್ಬದ ಒಳಗೆ. ಆ ವಾರ ದರ ಎಷ್ಟಿದೆಯೋ ಅಷ್ಟಕ್ಕೆ. ಉಳಿದ ದಿನ ದರ ನೋಡುವುದಿಲ್ಲ. ಗುಂಪುಗಳಲ್ಲಿ ಮೂರನ್ನು ಬಿಟ್ಟರು, ಕಾಫಿ ರೋಗ-ಗೊಬ್ಬರದ ಮಾಹಿತಿ ಬರುವ ಒಂದನ್ನು ಇಟ್ಟುಕೊಂಡರು.

ಸುಲಭವಾಗಿ ಒಪ್ಪಲಿಲ್ಲ. "ಒಂದು ವಾರ ಕಾದ್ರೆ ಚೀಲಕ್ಕೆ ಸಾವಿರ ಹೆಚ್ಚು ಸಿಗೋ ಕಾಲ ಇದು" ಎಂದರು. ಅದೂ ನಿಜವೇ. ಆದರೆ ಅದೇ ವರ್ಷ ನಡೆದದ್ದನ್ನು ನೋಡಿ: 2025ರ ಆರಂಭದಲ್ಲಿ ಲಂಡನ್‌ನಲ್ಲಿ ಟನ್ನಿಗೆ 5,500 ಡಾಲರ್ ದಾಟಿದ್ದ ರೊಬಸ್ಟಾ ಜುಲೈ ಹೊತ್ತಿಗೆ 3,500ಕ್ಕಿಂತ ಕೆಳಗೆ ಬಂತು. ಇನ್ನೂ ಏರುತ್ತದೆ ಎಂದು ಪೂರ್ತಿ ಹಿಡಿದಿಟ್ಟವರು ಕೈ ಸುಟ್ಟುಕೊಂಡರು. ಇವರಿಗೆ ಮೊದಲ ಪಾಲಿಗೆ ಒಳ್ಳೆಯ ದರ, ಎರಡನೆಯದಕ್ಕೆ ನಡುವಿನದು, ಕೊನೆಯದಕ್ಕೆ ಕಡಿಮೆ. ಸರಾಸರಿ ನೋಡಿದರೆ ಅಳುವಂಥದ್ದೇನೂ ಇಲ್ಲ. ಮೂರು ಪಾಲು ಮಾಡಿದರೆ ಯಾವತ್ತೂ ಲಾಭವೇ ಎಂದು ನಾನು ಹೇಳುವುದಿಲ್ಲ, ದರ ಏರುತ್ತಲೇ ಹೋದ ವರ್ಷ ಇದರಿಂದ ನಷ್ಟವೇ. ಆ ನಷ್ಟವನ್ನು ಸಂಜೆಗಳ ಬೆಲೆ ಎಂದು ತಿಳಿದೇ ಒಪ್ಪಿಕೊಳ್ಳಬೇಕು. ಟೀಚರು ಗಣಿತದವರಾದ್ದರಿಂದ ಅದನ್ನು ಬೇಗ ಒಪ್ಪಿದರು.

ಮಳೆಗಾಲದ ಕೂಟ

ತಾಳಮದ್ದಳೆ ಯಾವ ಕಾಲದ ಕಲೆ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಯಕ್ಷಗಾನದ ಮೇಳಗಳು ದೀಪಾವಳಿ ಕಳೆದು ತಿರುಗಾಟಕ್ಕೆ ಹೊರಟರೆ ಮೇ ತಿಂಗಳ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ಬಯಲಾಟ ಆಗುವುದಿಲ್ಲ. ಆಗ ಭಾಗವತರಿಗೂ ಪುರುಸೊತ್ತು, ಕೇಳುವ ರೈತರಿಗೂ ಪುರುಸೊತ್ತು. ಮನೆಯ ಜಗಲಿಯಲ್ಲೋ ದೇವಸ್ಥಾನದ ಪೌಳಿಯಲ್ಲೋ ಕೂತು ಹೇಳುವ ಈ ಕಲೆ ಬೆಳೆದದ್ದು ಆ ಬಿಡುವಿನಲ್ಲಿ. ನಮ್ಮ ಹಿರಿಯರು ಕೆಲಸ ಮತ್ತು ಕಲೆಯನ್ನು ದಿನದ ಒಳಗೆ ತೂಗಿಸಲು ಹೋಗಲೇ ಇಲ್ಲ. ವರ್ಷದಲ್ಲಿ ತೂಗಿಸಿದರು. ಕೊಯ್ಲಿನಲ್ಲಿ ಕೊಯ್ಲು, ಮಳೆಯಲ್ಲಿ ಮಾತು.

ಈಚಿನ ವರ್ಷಗಳಲ್ಲಿ ಸಭಾಭವನಗಳು ಬಂದು ಕೂಟಗಳು ವರ್ಷವಿಡೀ ನಡೆಯುತ್ತಿವೆ. ಅದು ಕಲೆಗೆ ಒಳ್ಳೆಯದೇ. ಆದರೆ ತೋಟದ ಮನುಷ್ಯ ಜನವರಿಯ ಕೂಟಕ್ಕೂ ಒಪ್ಪಿಕೊಂಡರೆ ರಾತ್ರಿ ಎರಡಕ್ಕೆ ಮನೆಗೆ ಬಂದು ಆರಕ್ಕೆ ಕಣದಲ್ಲಿ ನಿಲ್ಲಬೇಕು. 2023ರ ಮೊದಲು ಯಜಮಾನರು ಸೋತದ್ದು ಹೀಗೆ. ಕರೆದವರಿಗೆಲ್ಲ ಹೂಂ ಅನ್ನುತ್ತಿದ್ದರು. ಕೊನೆಗೆ ಎಲ್ಲವನ್ನೂ ಒಟ್ಟಿಗೆ ಬಿಟ್ಟರು.

2025ರ ಮಳೆಗಾಲಕ್ಕೆ ಅವರು ಮತ್ತೆ ಕೂತರು. ಜೂನ್ ನಡುವಿನಿಂದ ನವರಾತ್ರಿಯ ತನಕ ಕೂಟ. ಅಡಿಕೆ ಕೊಯ್ಲಿಗೆ ಕತ್ತಿ ಹಿಡಿದ ಮೇಲೆ ಯಾರೇ ಕರೆದರೂ ಇಲ್ಲ. ಇದನ್ನು ಸಂಘಟಕರಿಗೆ ಮೊದಲೇ ತಿಳಿಸಿದರು. ಒಬ್ಬಿಬ್ಬರು ಮುನಿಸಿಕೊಂಡರು. ಹೆಚ್ಚಿನವರು ಸ್ವತಃ ಬೆಳೆಗಾರರು, ಅವರಿಗೆ ವಿವರಿಸಬೇಕಾಗಲಿಲ್ಲ. ಇನ್ನೊಂದು ಅನುಕೂಲವೂ ಇತ್ತು: ಅರ್ಥಧಾರಿಯ ತಯಾರಿಗೆ ಕೋಣೆ ಬೇಡ, ಗಂಟೆ ಬೇಡ. ಚಿಗುರು ತೆಗೆಯುತ್ತಾ ಗಿಡದಿಂದ ಗಿಡಕ್ಕೆ ಹೋಗುವಾಗ ಕೌರವನ ವಾದ ತಲೆಯಲ್ಲಿ ಬೆಳೆಯುತ್ತಿರುತ್ತದೆ. ಕೈಯ ಕೆಲಸ ಕೆಡುವುದಿಲ್ಲ.

ಟೀಚರ ಹಾಡು

ಇಲ್ಲಿಗೆ ನಿಲ್ಲಿಸಿದರೆ ಇದು ಒಬ್ಬ ಗಂಡಸು ತನ್ನ ಹವ್ಯಾಸವನ್ನು ಮರಳಿ ಪಡೆದ ಕಥೆಯಾಗುತ್ತದೆ. ಇಂಥವು ನಮ್ಮಲ್ಲಿ ಬೇಕಾದಷ್ಟಿವೆ. ಆ ಮನೆಯಲ್ಲಿ ಇನ್ನೊಂದು ಹವ್ಯಾಸ ಇತ್ತು. ಅದು ನಿಂತು ಎಷ್ಟೋ ಕಾಲವಾಗಿತ್ತು, ಯಾರೂ ಅದನ್ನು ತ್ಯಾಗ ಎಂದು ಕರೆದಿರಲಿಲ್ಲ.

ಟೀಚರು ಮದುವೆಗೆ ಮೊದಲು ಕರ್ನಾಟಕ ಸಂಗೀತ ಕಲಿತವರು. ಜೂನಿಯರ್, ಸೀನಿಯರ್ ಪರೀಕ್ಷೆ ಎರಡೂ ಪಾಸು. ವಿದ್ವತ್‌ಗೆ ಪಾಠ ಶುರುವಾಗಿತ್ತು. ಮದುವೆ, ನೌಕರಿ, ಮಗು. ಪಾಠ ಎಲ್ಲಿಗೆ ನಿಂತಿತು ಎಂದು ಅವರಿಗೇ ನೆನಪಿಲ್ಲ. ಅವರ ದಿನ ಐದಕ್ಕೆ ಶುರು. ಹಾಲು ಕರೆದು, ತಿಂಡಿ ಮಾಡಿ, ಅತ್ತೆಗೆ ಮಾತ್ರೆ ಕೊಟ್ಟು, ಎಂಟೂಕಾಲರ ಬಸ್ಸು. ಸಂಜೆ ಬಂದರೆ ಒಲೆ, ಮಗಳ ಓದು, ಶಾಲೆಯ ಉತ್ತರಪತ್ರಿಕೆ. ಅಡಿಕೆ ಕಾಲದಲ್ಲಿ ಇದರ ಮೇಲೆ ರಾತ್ರಿಯ ಸುಲಿತ: ಮೆಟ್ಟುಗತ್ತಿಯ ಮುಂದೆ ಹನ್ನೊಂದರ ತನಕ. ಈಗ ಮಿಷನ್ ಬಂದು ಅದೊಂದು ತಪ್ಪಿದೆ. ಯಜಮಾನರು ಕೂಟ ಬಿಟ್ಟಾಗ ಊರೆಲ್ಲ ಆಡಿಕೊಂಡಿತು. ಈಕೆ ಹಾಡು ಬಿಟ್ಟದ್ದು ಮನೆಯವರಿಗೂ ತಿಳಿಯಲಿಲ್ಲ. ನನಗೆ ಈ ಪ್ರಕರಣದಲ್ಲಿ ಹೆಚ್ಚು ನೋವು ಕೊಟ್ಟ ಸಂಗತಿ ಅದು.

ಮಳೆಗಾಲದ ಲೆಕ್ಕವನ್ನೇ ಇವರಿಗೂ ಹಚ್ಚಲು ಯಜಮಾನರು ನೋಡಿದರು. "ನನಗೂ ನಾಲ್ಕು ತಿಂಗಳು, ನಿನಗೂ ನಾಲ್ಕು ತಿಂಗಳು, ಸರಿ ಆಯ್ತಲ ಮಾರಾಯ್ತಿ." ಟೀಚರು ಒಪ್ಪಲಿಲ್ಲ. ಕಂಠ ಅರ್ಥಗಾರಿಕೆಯ ಹಾಗಲ್ಲ. ಅರ್ಥ ಹೇಳುವವರು ಎಂಟು ತಿಂಗಳು ಬಿಟ್ಟು ಕೂತರೂ ಓದಿದ್ದು, ಯೋಚಿಸಿದ್ದು ಒಳಗೆ ಉಳಿದಿರುತ್ತದೆ. ಹಾಡುವವರು ಎಂಟು ತಿಂಗಳು ಸಾಧನೆ ಬಿಟ್ಟರೆ ತಾರಸ್ಥಾಯಿ ಕೈಬಿಡುತ್ತದೆ, ಶ್ರುತಿ ಅಲುಗುತ್ತದೆ, ಮತ್ತೆ ಸರಳೆ-ಜಂಟಿಯಿಂದ ಹತ್ತಬೇಕು. ಅವರಿಗೆ ಬೇಕಾದದ್ದು ದಿನಕ್ಕೆ ಅರ್ಧ ಗಂಟೆ, ವರ್ಷದ ಎಲ್ಲ ದಿನ. ಅದೂ ಯಾರೂ ಕರೆಯದ ಅರ್ಧ ಗಂಟೆ.

ಹವ್ಯಾಸಕ್ಕೂ ಅದರದ್ದೇ ಕಾಲಮಾನ ಇರುತ್ತದೆ ಎಂಬುದನ್ನು ನಾನು ಈ ಮನೆಯಲ್ಲಿ ಕಲಿತೆ. ಕೆಲವು ಋತುವಿನಲ್ಲಿ ಬದುಕುತ್ತವೆ, ಕೆಲವು ದಿನದಲ್ಲಿ. ಒಂದೇ ಮನೆಯಲ್ಲಿ ಎರಡು ಬಗೆಯೂ ಇದ್ದರೆ ಸಮಪಾಲು ಎಂದು ಹಂಚಿದ್ದೇ ಅನ್ಯಾಯವಾಗುತ್ತದೆ.

ಹಾಗಾಗಿ ಟೀಚರ ಹಾಡಿಗೆ ಬೆಳಗಿನ ಐದೂಕಾಲರಿಂದ ಐದೂಮುಕ್ಕಾಲು ಎಂದಾಯಿತು. ಜಾಗ ಉಪ್ಪರಿಗೆಯ ಕೋಣೆ, ಕೆಳಗಿನ ಸದ್ದು ಅಲ್ಲಿಗೆ ತಲುಪುವುದಿಲ್ಲ, ಮೊಬೈಲಿನಲ್ಲಿ ತಂಬೂರಿ. ಆ ಅರ್ಧ ಗಂಟೆಯಲ್ಲಿ ಹಾಲು ಕರೆಯುವುದು, ಒಲೆ ಹೊತ್ತಿಸಿ ನೀರಿಡುವುದು, ತಾಯಿಗೆ ಕಷಾಯ ಕೊಡುವುದು ಯಜಮಾನರ ಕೆಲಸ.

ಅಡ್ಡ ಬಂದದ್ದು ಹಸು. ಅದಕ್ಕೆ ಟೀಚರ ಕೈಯ ಅಭ್ಯಾಸ. ಯಜಮಾನರು ತಂಬಿಗೆ ಹಿಡಿದು ಕೂತರೆ ಸೊರವು ಬಿಡದು, ಕಾಲು ಎತ್ತಿಡುತ್ತದೆ, ತಲೆ ತಿರುಗಿಸಿ ಅಡುಗೆಮನೆಯ ಬಾಗಿಲ ಕಡೆ ನೋಡುತ್ತದೆ. ಮೊದಲ ದಿನಗಳಲ್ಲಿ ಅರ್ಧ ಲೀಟರೂ ಆಗುತ್ತಿರಲಿಲ್ಲ. ಟೀಚರು ಉಪ್ಪರಿಗೆಯಿಂದ ಇಳಿದು ಬಂದು ಕರೆದು ಮುಗಿಸುತ್ತಿದ್ದರು. ಹಾಡು ಅಲ್ಲಿಗೆ ತುಂಡು. ಮತ್ತೆ ತಾಯಿಯೇ ದಾರಿ ಹೇಳಿದರು. ಹಿಂಡಿ ಕಲಸಿ ಇಡುವುದು, ಕೆಚ್ಚಲಿಗೆ ಬಿಸಿನೀರು ಹಾಕಿ ಒರೆಸುವುದು, ಕರುವನ್ನು ಒಂದು ಗಳಿಗೆ ಬಿಟ್ಟು ಕಟ್ಟುವುದು ಎಲ್ಲವನ್ನೂ ಮಗನೇ ಮಾಡಬೇಕು, ಸೊಸೆ ಕೊಟ್ಟಿಗೆ ಕಡೆ ಸುಳಿಯಲೇಬಾರದು. "ಅವಳ ದನಿ ಕೇಳಿದ್ರೆ ಅದು ನಿಂಗೆ ಹಾಲು ಬಿಡೂದಿಲ್ಲ" ಎಂದರು. ಮಗ ಅಡುಗೆಮನೆಗೆ ಹೋಗುವುದನ್ನು ಮೊದಲು ಇಷ್ಟಪಡದವರು ಅವರೇ. ಮಂಡಿನೋವಿನಿಂದ ತಾವು ಬಿಟ್ಟ ಕೊಟ್ಟಿಗೆಯ ವಿದ್ಯೆಯನ್ನು ಮಗನಿಗೆ ಹೇಳಿಕೊಡುವಾಗ ಆ ಅಸಮಾಧಾನ ಕರಗಿತು ಎಂದು ನನ್ನ ಅನಿಸಿಕೆ. ಗಣಪತಿ ಹಬ್ಬದ ಹೊತ್ತಿಗೆ ಹಸು ಒಗ್ಗಿಕೊಂಡಿತು.

ವಾರಕ್ಕೊಮ್ಮೆ, ಬುಧವಾರ, ಶಾಲೆ ಬಿಟ್ಟ ಮೇಲೆ ಟೀಚರು ಕೊಪ್ಪದಲ್ಲಿ ಗುರುಗಳ ಮನೆಗೆ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಾರೆ. ಆ ರಾತ್ರಿ ಅಡುಗೆ ಅಪ್ಪ-ಮಗಳದ್ದು. ಆನ್‌ಲೈನ್ ಪಾಠ ಆಗುವುದಿಲ್ಲವೇ ಎಂದು ತಮ್ಮ ಕೇಳಿದ್ದ. ಮನೆಯಲ್ಲಿ ಕೂತು ಕಲಿಯಲು ಹೊರಟರೆ ಪಾಠದ ನಡುವೆ ಕುಕ್ಕರ್ ಕೂಗುತ್ತದೆ, ಬಾಗಿಲಲ್ಲಿ ಯಾರೋ ಬಂದಿರುತ್ತಾರೆ. ಹೊರಗೆ ಹೋಗಿ ಬರುವ ದಾರಿಯೂ ಅವರಿಗೆ ಬೇಕಿತ್ತು.

ಕೊಯ್ಲು ಬಂದಾಗ

ಇಷ್ಟೂ ವ್ಯವಸ್ಥೆ ಮಳೆಗಾಲದಲ್ಲಿ ಆದದ್ದು. ನಿಜವಾದ ಪರೀಕ್ಷೆ 2026ರ ಜನವರಿಯಿಂದ. ಆ ಮನೆಯಲ್ಲಿ ಜನವರಿಯಿಂದ ಮಾರ್ಚ್ ಎಂದರೆ ರೊಬಸ್ಟಾ, ಮೆಣಸು, ಸ್ಪ್ರಿಂಕ್ಲರ್, ಟೀಚರ ಶಾಲೆಯ ಎಸ್‌ಎಸ್‌ಎಲ್‌ಸಿ ತಯಾರಿ, ಸ್ವಂತ ಮಗಳ ಎಸ್‌ಎಸ್‌ಎಲ್‌ಸಿ, ಎಲ್ಲ ಒಟ್ಟಿಗೆ.

ರಾತ್ರಿಯ ಸ್ಪ್ರಿಂಕ್ಲರ್‌ಗೆ ಯಜಮಾನರು ಹಳೆಯ ಮುಯ್ಯಾಳು ಪದ್ಧತಿಯನ್ನು ಎಬ್ಬಿಸಿದರು. ಅಕ್ಕಪಕ್ಕದ ಮೂರು ತೋಟದವರು ಸೇರಿ ಪಾಳಿ ಹಾಕಿಕೊಂಡರು: ಒಂದು ರಾತ್ರಿ ಒಬ್ಬರು ಇನ್ನೊಬ್ಬರ ಜೊತೆ ನಿಂತು ಜೆಟ್ ಬದಲಿಸುವುದು, ಮೂರನೆಯವರು ಮಲಗುವುದು. ಪ್ರತಿ ರಾತ್ರಿ ಒಬ್ಬರೇ ಏಳುವ ಬದಲು ಮೂರು ರಾತ್ರಿಗೆ ಒಂದು ಪೂರ್ತಿ ನಿದ್ದೆ. ಕಣಕ್ಕೆ ಮೂರು ಮನೆಗೂ ಸೇರಿ ಒಬ್ಬ ಹುಡುಗನನ್ನು ಇಟ್ಟರು. ದೊಡ್ಡ ಎಸ್ಟೇಟುಗಳಲ್ಲಿ ರೈಟರು ಮಾಡುವ ಹಾಜರಿ, ತೂಕದ ಕೆಲಸವನ್ನು ಅವನೇ ನೋಡಿಕೊಂಡ. ಅವನ ಸಂಬಳದಲ್ಲಿ ಇವರ ಪಾಲನ್ನು ನಾನು ಖರ್ಚಿನ ಬದಿಗೆ ಬರೆದೆ. ಮೂರು ಎಕರೆಯವರಿಗೆ ಅದು ಭಾರವಾದೀತು, ಇವರಿಗೆ ಆಗಲಿಲ್ಲ.

ಬೆಳಗಿನ ಹಾಡು ಉಳಿಯಿತು. ಬುಧವಾರದ ಪಾಠ ಉಳಿಯಲಿಲ್ಲ. ಜನವರಿ ಎರಡನೇ ವಾರದಲ್ಲೇ ಶಾಲೆಯಲ್ಲಿ 'ವಿಶೇಷ ತರಗತಿ' ಎಂದು ಸಂಜೆ ಒಂದು ಗಂಟೆ ಹೆಚ್ಚಾಯಿತು. ಬಸ್ಸು ತಪ್ಪುತ್ತದೆ, ಕರೆತರಬೇಕಾದ ಯಜಮಾನರು ಕಣದಲ್ಲಿ. ಮಾರ್ಚ್ ಕೊನೆಯ ತನಕ ಪಾಠ ಇಲ್ಲ. "ನಿಂತದ್ದು ಮತ್ತೆ ನಂದೇ ಅಲ್ವಾ" ಎಂದು ಟೀಚರು ನನ್ನೆದುರೇ ಹೇಳಿದರು. ಯಜಮಾನರು ಮಾತಾಡಲಿಲ್ಲ. ವಾದಕ್ಕೆ ಅವರಲ್ಲಿ ಸರಕಿಲ್ಲದೆ ಅಲ್ಲ. ಆ ಮಾತು ಸರಿ ಎಂದು ಅವರಿಗೆ ಗೊತ್ತಿತ್ತು.

ಮಗಳ ಬಗ್ಗೆ ಹೆಚ್ಚು ಬರೆಯಲು ಅವಳ ಒಪ್ಪಿಗೆ ಇಲ್ಲ. ಇಷ್ಟು ಹೇಳಬಹುದು: ಊಟದ ತಟ್ಟೆಯ ಪಕ್ಕ ಫೋನು ಇಲ್ಲವಾದ ಮೇಲೆ ಅಪ್ಪ-ಮಗಳು ಜಗಳ ಆಡಲು ಶುರುಮಾಡಿದರು. ಕರ್ಣನಿಗೆ ತಾನು ಯಾರು ಎಂದು ತಿಳಿದ ಮೇಲೂ ಕೌರವನ ಜೊತೆ ಉಳಿದದ್ದು ಸರಿಯೇ ಎಂಬುದು ಅವರ ನಡುವೆ ಇನ್ನೂ ತೀರದ ವ್ಯಾಜ್ಯ. ಅವಳು ಕೃಷ್ಣನ ಪಕ್ಷ. ಮೊದಲೆಲ್ಲ ಆ ಮನೆಯಲ್ಲಿ ಜಗಳವೂ ಇರಲಿಲ್ಲ, ಮಾತೂ ಇರಲಿಲ್ಲ.

ಇಳುವರಿ ಕಡಿಮೆಯಾಯಿತೇ ಎಂದು ಕೇಳುವವರಿಗೆ: ಈ ಸಲದ ಲೆಕ್ಕ ಇನ್ನೂ ಮುಗಿದಿಲ್ಲ, ಮೂರನೇ ಪಾಲು ಮಾರಿದ ಮೇಲೆ ತಿಳಿಯುತ್ತದೆ. ಚೀಲಗಳ ಸಂಖ್ಯೆ ಕಳೆದ ಸಲಕ್ಕಿಂತ ತುಸು ಕೆಳಗಿದೆ. ಅದು ಹೂವಿನ ಕಾಲದ ಹವೆಯಿಂದಲೋ, ಯಜಮಾನರು ಸಂಜೆ ಬೇಗ ಮನೆ ಸೇರಿದ್ದರಿಂದಲೋ, ಬಿಡಿಸಿ ಹೇಳಲು ಒಂದು ವರ್ಷದ ಪುಸ್ತಕ ಸಾಲದು.

ಮುಂದಿನ ಮಳೆಗಾಲಕ್ಕೆ ಮಾತುಕತೆ ನಡೆಯುತ್ತಿದೆ. ಟೀಚರು ಎರಡು ವಿಷಯ ಇಟ್ಟಿದ್ದಾರೆ. ಒಂದು, ಬುಧವಾರದ ಬದಲು ಭಾನುವಾರ ಬೆಳಗ್ಗೆ ಪಾಠ; ಹಾಗಾದರೆ ಜನವರಿಯಲ್ಲೂ ನಿಲ್ಲುವುದಿಲ್ಲ, ಗುರುಗಳು ಒಪ್ಪಿದ್ದಾರೆ. ಎರಡು, ಅಪೂರ್ಣವಾಗಿರುವ ವಿದ್ವತ್ ಪರೀಕ್ಷೆಗೆ ಕಟ್ಟುವುದು. ಭಾನುವಾರಕ್ಕೆ ಯಜಮಾನರು ಇನ್ನೂ ಹೂಂ ಅಂದಿಲ್ಲ, ಏಕೆಂದರೆ ಮಳೆಗಾಲದ ಕೂಟಗಳು ಹೆಚ್ಚಾಗಿ ಶನಿವಾರ ರಾತ್ರಿ, ಭಾನುವಾರ ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆಯುವುದು ಆಗಲೂ ಅವರದ್ದೇ. ಶನಿವಾರದ ಕೂಟಗಳಲ್ಲಿ ಅರ್ಧವನ್ನು ಬಿಡಿ ಎಂದು ಟೀಚರು ಹೇಳಿದ್ದಾರೆ. ಯಾವ ಅರ್ಧ ಎಂಬುದು ಬೋರ್ಡೋ ಹೊಡೆಯುವುದರೊಳಗೆ ತೀರ್ಮಾನ ಆಗಬೇಕು. ಸಂಘಟಕರು ಆಗಲೇ ದಿನ ಕೇಳಲು ಶುರುಮಾಡಿದ್ದಾರೆ.